ಬೀಗರ ಬಾಟಲಿಗಳ ಬೇಸಿಗೆ

ಇದನ್ನು ಬರೆಯಬೇಕು ಅಂದುಕೊಂಡು ಎಷ್ಟು ಸಲ ಮುಂದೆ ಹಾಕಿದ್ದೇನೋ ನನಗೇ ಗೊತ್ತಿಲ್ಲ. ಒಂದು ದಿನ ಕನ್ನಡಕ ಸಿಗಲಿಲ್ಲ. ಕನ್ನಡಕ ಸಿಕ್ಕ ದಿನ ಪೆನ್ನು ಬರೆಯಲಿಲ್ಲ. ಎರಡೂ ಕೈಗೆ ಬಂದ ದಿನ ಹೆಂಡತಿ ದಂಟಿನ ಸೊಪ್ಪು ತಂದು ಮುಂದಿಟ್ಟಳು, ಬಿಡಿಸುತ್ತಾ ಕೂತೆ. ಸೊಪ್ಪು ಬಿಡಿಸುವುದು ಎಷ್ಟು ನೆಮ್ಮದಿಯ ಕೆಲಸ ಅಂತ ಅವತ್ತೇ ನನಗೆ ತಿಳಿದದ್ದು. ಈಗ ಎಪ್ಪತ್ತರ ಹತ್ತಿರ ಬಂದಿದ್ದೇನೆ. ಇನ್ನು ಸೊಪ್ಪಿನ ಹಿಂದೆ ಅಡಗಿ ಕೂರುವುದು ಬೇಡ ಅನ್ನಿಸಿದ್ದು ಹೋದ ತಿಂಗಳು.

ಹೋದ ತಿಂಗಳು ರಾಜರಾಜೇಶ್ವರಿನಗರದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಮೊಮ್ಮಗಳ ನೀರಿನ ಬಾಟಲಿಗೆ ಹೆಸರು ಹಾಕಿಸಬೇಕಿತ್ತು. ಅವಳ ಕ್ಲಾಸಿನಲ್ಲಿ ಮುಕ್ಕಾಲು ಮಕ್ಕಳದು ಒಂದೇ ನೀಲಿ ಬಾಟಲಿಯಂತೆ, ದಿನಾ ಜಗಳವಂತೆ. ಮೆಟ್ರೋ ಕಂಬಗಳ ಹತ್ತಿರದ ಒಂದು ಸಣ್ಣ ಅಂಗಡಿಗೆ ಹೋದೆ. ಬಾಗಿಲಲ್ಲೇ ಮೂಗಿಗೆ ಬಡಿಯಿತು, ಬಣ್ಣ ಸುಟ್ಟ ವಾಸನೆ. ಒಂಚೂರು ಸಿಹಿ, ಒಂಚೂರು ಸೀದದ್ದು. ಮರೆಯುವ ವಾಸನೆಯಲ್ಲ ಅದು. ಅಲ್ಲಿಯೇ ನಿಂತುಬಿಟ್ಟೆ.

ಅಂಗಡಿಯವನು ಮಾತುಗಾರ. ಬಾಟಲಿಯನ್ನು ಮಷೀನಿನೊಳಗೆ ಮಲಗಿಸುವ ಮೊದಲು ಬಟ್ಟೆಯಿಂದ ಏನನ್ನೋ ಒರೆಸುತ್ತಿದ್ದ. ಎಷ್ಟು ಹೊತ್ತಾಗುತ್ತೆ ಅಂತ ಕೇಳಿದೆ. ಅವನು ಹೇಳಿದ, "ಒಂದ್ನಿಮಿಷ ಸಾರ್, ರೋಲರ್ ಒರೆಸ್ಕೋತೀನಿ. ಬಸವೇಶ್ವರನಗರದಲ್ಲಿ ಯಾರೋ ಒಬ್ಬ ಮೇಡಂ ಒರೆಸ್ದೆ ಬಿಟ್ಟು ಮದುವೆ ಮನೆ ಬಾಟ್ಲಿ ಎಲ್ಲಾ ಕೆಡಿಸಿದ್ರಂತೆ. ಅಳಿಯನ ಹೆಸರು ಊಟ ಮಾಡಿ ಅಡ್ಡಾಗಿದ್ದಂಗೆ ಇತ್ತಂತೆ." ಹೇಳಿ ಅವನು ನಕ್ಕ. ನಾನೂ ನಕ್ಕೆ. ನಗದೆ ಏನು ಮಾಡಲಿ, ಆ ಕತೆಯನ್ನು ಎಲ್ಲಿ ನಗಬೇಕು, ಎಲ್ಲಿ ನಿಲ್ಲಿಸಬೇಕು ಅಂತ ತಿದ್ದಿ ತೀಡಿ ಊರಿಗೆಲ್ಲ ಹಂಚಿದವನೇ ನಾನು. ಅದು ಸುಳ್ಳು ಕತೆ. ನಿಜವಾದದ್ದನ್ನು ಈಗ ಹೇಳುತ್ತೇನೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿದವನು, ಅದೂ ಗಣಿತದಲ್ಲಿ ಮೇಷ್ಟರ ದಯೆಯಿಂದ. ಬಸವೇಶ್ವರನಗರದ ನಾಗರಾಜು ಅವರ ಪಾತ್ರೆ ಅಂಗಡಿಯಲ್ಲಿ ನಲವತ್ತು ವರ್ಷದ ಹತ್ತಿರ ಪಾತ್ರೆಗಳ ಮೇಲೆ ಹೆಸರು ಕೊರೆದೆ. ಮೊದಲು ಅವರ ತಂದೆಯ ಕಾಲದಲ್ಲಿ, ಆಮೇಲೆ ಅವರ ಕಾಲದಲ್ಲಿ. ಮದುವೆ, ನಾಮಕರಣ, ಗೃಹಪ್ರವೇಶ ಯಾವುದೇ ಇರಲಿ, ಕೊಡುವ ಪಾತ್ರೆಯ ಮೇಲೆ ಕೊಟ್ಟವರ ಹೆಸರು ಇರಲೇಬೇಕು. ಹೆಸರಿಲ್ಲದ ಪಾತ್ರೆ ಕೊಟ್ಟರೆ ಕೊಟ್ಟ ಹಾಗೇ ಅಲ್ಲ. ಎಷ್ಟೋ ಅತ್ತೆ ಸೊಸೆಯರು ನನ್ನ ಮುಂದೆಯೇ ಯಾರ ಹೆಸರು ಮೊದಲು ಬರಬೇಕು ಅಂತ ವಾದ ಮಾಡಿದ್ದಾರೆ. ಒಬ್ಬ ಮಹಾರಾಯರು ಇಡ್ಲಿ ಪಾತ್ರೆಯ ಮೇಲೆ ತಮ್ಮ ಹೆಸರು, ಡಿಗ್ರಿ, ನಿವೃತ್ತರಾದ ಹುದ್ದೆ ಎಲ್ಲ ಹಾಕಿಸಿದರು. ಅವರ ಹೆಂಡತಿ, ಫೋನ್ ನಂಬರೂ ಹಾಕಿಬಿಡಿ, ಇಡ್ಲಿ ಬೇಕಾದವರು ಇವರಿಗೇ ಫೋನ್ ಮಾಡಲಿ ಅಂದರು.

ಲೋಟ, ಚೊಂಬಿನಂಥ ದುಂಡು ಪಾತ್ರೆಗೆ ನನ್ನದೊಂದು ಪದ್ಧತಿ ಇತ್ತು. ಪಾತ್ರೆಯ ಸೊಂಟಕ್ಕೆ ನೂಲು ಸುತ್ತಿ, ಉಗುರಿನಿಂದ ಗುರುತು ಹಿಡಿದು, ಸ್ಕೇಲಿನ ಮೇಲೆ ಚಾಚಿ ಅಳತೆ ತೆಗೆಯುವುದು. ಆ ಅಳತೆಯ ಮೇಲೆ ಅಕ್ಷರ ಹಂಚುವುದು. ದಪ್ಪ ಪಾತ್ರೆಗೆ ಒಂದು ಲೆಕ್ಕ, ಸಣ್ಣದಕ್ಕೆ ಇನ್ನೊಂದು. ನನ್ನ ಜೇಬಿನಲ್ಲಿ ದುಡ್ಡಿಲ್ಲದ ದಿನ ಇತ್ತು, ನೂಲಿಲ್ಲದ ದಿನ ಇರಲಿಲ್ಲ.

ಆಮೇಲೆ ಕೈ ಸಣ್ಣಗೆ ನಡುಗಲು ಶುರುವಾಯಿತು. ಜನಕ್ಕೂ ಸ್ಟೀಲು ಲೋಟಕ್ಕಿಂತ ಬಣ್ಣದ ಬಾಟಲಿ ಇಷ್ಟವಾಗತೊಡಗಿತು. ನಾಗರಾಜು ಒಂದು ಲೇಸರ್ ಮಷೀನು ತಂದರು. ಮಷೀನಿನ ಜೊತೆಗೆ ಅದನ್ನು ನಡೆಸಲು ಒಬ್ಬ ಹೆಂಗಸನ್ನೂ ಗೊತ್ತು ಮಾಡಿದರು. ನಲವತ್ತರ ಆಸುಪಾಸು. ಮೊದಲು ಲಗ್ನಪತ್ರಿಕೆ ಮಾಡುವ ಕಡೆ ಕಂಪ್ಯೂಟರ್ ಕೆಲಸದಲ್ಲಿದ್ದರು. ಗಂಡ ಇರಲಿಲ್ಲ. ತಾಯಿ, ಹೈಸ್ಕೂಲಿನ ಮಗಳು. ನಂದಿನಿ ಲೇಔಟಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಗಿರಾಕಿಗಳ ಮುಂದೆ ನಾಗರಾಜು ಅವರನ್ನು ಮೇಡಂ ಅಂದರು, ನಾವೆಲ್ಲರೂ ಮೇಡಂ ಅಂದೆವು. ಅವರು ನನ್ನನ್ನು ಕೃಷ್ಣಪ್ಪೋರೇ ಅನ್ನುತ್ತಿದ್ದರು.

ಮಷೀನು ಬಂದದ್ದು ಆಯುಧ ಪೂಜೆಯ ಹಿಂದಿನ ದಿನ. ಪೂಜೆ ನನ್ನ ಪಾಲಿನ ಕೆಲಸ. ತಕ್ಕಡಿ, ಶಟರು, ಕೊರೆಯುವ ಪೆನ್ನು, ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟವನು ಮಷೀನಿಗೂ ಇಟ್ಟೆ. ಒಳಗೆ ಬಾಟಲಿ ತಿರುಗಿಸುವ ಎರಡು ರಬ್ಬರಿನ ರೋಲರ್ ಇದ್ದವಲ್ಲ, ಪಾಪ ಅವೂ ದುಡಿಯುತ್ತವೆ ಅಂತ ಅವಕ್ಕೂ ಧಾರಾಳವಾಗಿ ಹಚ್ಚಿದೆ. ಎರಡು ದಿನ ಅಂಗಡಿಯಿಂದ ಹೋದ ಬಾಟಲಿಗಳ ಸೊಂಟಕ್ಕೆಲ್ಲ ಕೆಂಪು ಪಟ್ಟಿ. ಮೇಡಂ ಸ್ಪಿರಿಟ್ಟು ಹಾಕಿ ಒರೆಸುತ್ತಾ, "ಕೃಷ್ಣಪ್ಪೋರೇ, ದೇವ್ರ ದಯದಿಂದ ಲೆನ್ಸ್ ನಿಮ್ಮ ಕಣ್ಣಿಗೆ ಬಿದ್ದಿಲ್ಲ" ಅಂದರು. ನನಗೆ ಬೇಜಾರಾಗಬೇಕಿತ್ತು, ನಗು ಬಂತು. ಅವರ ಜೊತೆ ಕೆಲಸ ಮಾಡುವುದು ಕಷ್ಟವಲ್ಲ ಅಂತ ಅವತ್ತೇ ಗೊತ್ತಾಯಿತು.

ನಾನು ಹೇಳಬೇಕೆಂದಿರುವುದು ಅದರ ಮುಂದಿನ ಬೇಸಿಗೆಯ ಮಾತು. ಯುಗಾದಿ ಕಳೆದು ಮದುವೆಗಳು ಒಂದರ ಹಿಂದೆ ಒಂದು ಬಿದ್ದಿದ್ದವು. ಅಂಗಡಿ ಎದುರಿನ ಹೊಂಗೆ ಮರ ಬೆಳಗ್ಗೆಯೆಲ್ಲ ಹೂ ಸುರಿಸಿ, ನಿಲ್ಲಿಸಿದ ಸ್ಕೂಟರಿನ ಸೀಟಿನ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಮಾಡುತ್ತಿತ್ತು. ಮಧ್ಯಾಹ್ನ ಕರೆಂಟು ಹೋಗುತ್ತಿತ್ತು. ಹೋದಾಗ ಮೇಡಂ ತಮ್ಮ ಡಬ್ಬಿ ಬಿಚ್ಚುತ್ತಿದ್ದರು, ನಾನು ನನ್ನದು. ಅವರ ಚಟ್ನಿಪುಡಿಗೂ ನಮ್ಮ ಮನೆಯ ಮಜ್ಜಿಗೆ ಮೆಣಸಿನಕಾಯಿಗೂ ಅದಲು ಬದಲು.

ಆ ಬಿಡುವಿನಲ್ಲೇ ಅವರು ಮಷೀನಿನ ಕೆಲಸ ಹೇಳಿಕೊಟ್ಟಿದ್ದು. ಚಪ್ಪಟೆ ಹಲಗೆಯಾದರೆ ಕಿರಣ ಬಿಡುವ ತಲೆ ಎಡಕ್ಕೆ ಬಲಕ್ಕೆ, ಹಿಂದೆ ಮುಂದೆ ತಾನೇ ಓಡಾಡುತ್ತದೆ. ಬಾಟಲಿಗೆ ಹಾಗಾಗುವುದಿಲ್ಲ, ಮೈ ದುಂಡಗಿರುತ್ತದೆ. ಹಿಂದೆ ಮುಂದೆ ಓಡಿಸುವ ಮೋಟಾರಿನ ವೈರು ಬಿಚ್ಚಿ ರೋಲರ್‌ಗೆ ಸಿಕ್ಕಿಸಬೇಕು. ಆಗ ತಲೆ ಎಡ ಬಲ ಮಾತ್ರ ಓಡುತ್ತದೆ, ಬಾಟಲಿ ರೋಲರ್ ಮೇಲೆ ಹೊರಳುತ್ತದೆ. ಬಾಟಲಿಯ ಬಾಯಿ ಕಡೆ ಸಣ್ಣಗಿದ್ದರೆ ರೋಲರ್ ಸ್ಟ್ಯಾಂಡಿನ ಆ ಕಡೆಯ ಕಾಲಿನ ಕೆಳಗೆ ಕ್ಯಾರಂ ಕಾಯಿ ಇಟ್ಟು ಮೇಲ್ಮೈ ಮಟ್ಟ ಮಾಡಬೇಕು. ಕಿರಣದ ಮೂತಿಗೂ ಬಾಟಲಿಗೂ ನಡುವೆ ಒಂದು ಪ್ಲಾಸ್ಟಿಕ್ ತುಂಡು ಹಿಡಿದು ಎತ್ತರ ಸರಿ ನೋಡಬೇಕು. ವೇಗ ಇಳಿಸಬೇಕು, ಇಲ್ಲದಿದ್ದರೆ ಬಾಟಲಿ ಜಾರುತ್ತದೆ. ಕಿರಣದ ಬಲ ಬಣ್ಣ ಸುಡುವಷ್ಟೇ ಇರಬೇಕು. ಇವೆಲ್ಲದರ ಮೇಲೆ ಒಂದು ನಂಬರು. ರೋಲರ್ ಒಂದು ಸುತ್ತು ಸುತ್ತಬೇಕಾದರೆ ಮೋಟಾರು ಎಷ್ಟು ಹೆಜ್ಜೆ ಹಾಕಬೇಕು ಅನ್ನುವ ನಂಬರು ಅದು. ಅದನ್ನು ಕಂಪ್ಯೂಟರಿನಲ್ಲಿ ಬರೆಯಬೇಕು.

ಅದು ಸರಿಯಿದೆಯೋ ಇಲ್ಲವೋ ತಿಳಿಯಲು ಅವರು ಬಾಟಲಿಗೆ ಕಾಗದದ ಟೇಪು ಸುತ್ತಿ ಅದರ ಮೇಲೆ ಒಂದು ಚೌಕ ಬರೆಸುತ್ತಿದ್ದರು. ಸ್ಕೇಲು ಹಿಡಿದು ನಾಲ್ಕು ಕಡೆಯೂ ಒಂದೇ ಅಳತೆ ಬಂತೆಂದರೆ ಮುಗಿಯಿತು. ಒಂದೆರಡು ದಿನ ಕೂತು ಹಾಗೆ ಮಾಡಿ ಒಂದು ನಂಬರು ಹಿಡಿದಿದ್ದರು. ಚೌಕ ಚೌಕವಾಗಿಯೇ ಬಂದ ದಿನ ಮಗಳು ಫಸ್ಟ್ ಕ್ಲಾಸಿನಲ್ಲಿ ಪಾಸಾದವರ ಹಾಗೆ ಎಲ್ಲರಿಗೂ ಬೈಟೂ ಕಾಫಿ ಹೇಳಿದರು.

ನಾಗರಾಜು ಆ ಹೊತ್ತಿಗೆ ರಾಜರಾಜೇಶ್ವರಿನಗರದಲ್ಲಿ ಇನ್ನೊಂದು ಅಂಗಡಿ ಮಾಡುವ ಯೋಚನೆಯಲ್ಲಿದ್ದರು. ಬರೀ ಲೇಸರ್ ಕೆಲಸ. ಅದನ್ನು ಮೇಡಂ ಕೈಗೆ ಕೊಡುವುದು, ಲಾಭದಲ್ಲಿ ಅವರಿಗೂ ಪಾಲು, ಅಕ್ಷಯ ತೃತೀಯದ ದಿನ ಬಾಗಿಲು ತೆಗೆಯುವುದು ಅಂತ ಮಾತಾಗಿತ್ತು. ಮೇಡಂ ಬೋರ್ಡಿನ ಬಣ್ಣ ಕೂಡ ಯೋಚಿಸಿಟ್ಟಿದ್ದರು. ಮಗಳನ್ನು ಪಿಯುಸಿಗೆ ಒಳ್ಳೆ ಕಾಲೇಜಿಗೆ ಸೇರಿಸುವುದು, ತಾಯಿಗೆ ನೆಲಮಹಡಿಯ ಮನೆ ಹಿಡಿಯುವುದು, ಎಲ್ಲವೂ ಆ ಅಂಗಡಿಯ ಮೇಲೆ ನಿಂತಿತ್ತು. ನನಗೂ ಹೇಳುತ್ತಿದ್ದರು, "ಇಲ್ಲಿ ಮಷೀನು ನೀವೇ ನೋಡ್ಕೋಬೇಕು ಕೃಷ್ಣಪ್ಪೋರೇ. ನಿಮ್ಮನ್ನ ರೆಡಿ ಮಾಡದೆ ನಾನು ಹೋಗಲ್ಲ." ಅವರು ಹೋದರೆ ನನಗೂ ಜಾಗ ಉಳಿಯುತ್ತಿತ್ತು. ನನಗೆ ಅವರ ಮೇಲೆ ಹೊಟ್ಟೆಕಿಚ್ಚು ಇರಲಿಲ್ಲ. ಇದ್ದಿದ್ದರೆ ಇದನ್ನು ಬರೆಯುವುದು ಒಂದು ರೀತಿ ಸುಲಭವಾಗುತ್ತಿತ್ತು.

ಆ ಬೇಸಿಗೆಯ ದೊಡ್ಡ ಆರ್ಡರು ಹಾವೇರಿ ಕಡೆಯ ಒಂದು ಮನೆಯವರದು. ಯಜಮಾನರು ನೀರಾವರಿ ಕಚೇರಿಯಿಂದ ನಿವೃತ್ತರಾಗಿ ನಮ್ಮ ಬಡಾವಣೆಯಲ್ಲೇ ಮನೆ ಕಟ್ಟಿದ್ದರು. ಮಗಳ ಮದುವೆ. ಬಂದವರಿಗೆಲ್ಲ ನೀಲಿಯ ಸಣ್ಣ ಬಾಟಲಿ. ಗಂಡಿನ ಕಡೆಯ ಹಿರಿಯರಿಗೆ, ಅಂದರೆ ಬೀಗರಿಗೆ, ಗಿಳಿಹಸಿರಿನ ದಪ್ಪ ಬಾಟಲಿ ನಲವತ್ತು. ಹೆಣ್ಣು ಗಂಡಿನ ಹೆಸರು, ಅದರ ಕೆಳಗೆ ಬಾಟಲಿಯ ಸುತ್ತ ಬಿಲ್ವಪತ್ರೆಯ ಬಳ್ಳಿ. ಬಳ್ಳಿಯ ತುದಿ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅಂತ ಗೊತ್ತಾಗಬಾರದು. ಯಜಮಾನರ ಹೆಂಡತಿ ಅದನ್ನು ಮೂರು ಸಲ ಹೇಳಿದರು. ಬೀಗರು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡುವವರಂತೆ.

ನೀಲಿ ಬಾಟಲಿಗಳನ್ನು ಮೇಡಂ ಒಂದು ವಾರದಲ್ಲಿ ಮುಗಿಸಿದರು. ಬಳ್ಳಿ ಕೂಡಿದ ಜಾಗ ಹುಡುಕಲು ನನ್ನ ಕನ್ನಡಕಕ್ಕೂ ಆಗಲಿಲ್ಲ. ಹಸಿರು ಬಾಟಲಿಗಳು ಮಾತ್ರ ತಡವಾದವು. ಸಾಮಾನು ಬಂದದ್ದು ಮದುವೆಗೆ ಎರಡು ದಿನ ಮುಂಚೆ, ಬೆಳಗ್ಗೆ ಹತ್ತಕ್ಕೆ. ಸಂಜೆ ನಾಲ್ಕಕ್ಕೆ ಬಂದು ತೆಗೆದುಕೊಂಡು ಹೋಗುತ್ತೇವೆ ಅಂದಿದ್ದರು. ಅದೇ ದಿನ ಮೇಡಂ ತಾಯಿಗೆ ಕಣ್ಣಿನ ಆಪರೇಷನ್. ಅವರು ಹನ್ನೊಂದಕ್ಕೆ ಹೊರಡಲೇಬೇಕಿತ್ತು.

ನನ್ನ ಕೈಲಿ ನೂಲಿನ ಅಳತೆ ತೆಗೆಸಿದರು. ನೀಲಿಯದರ ಸೊಂಟ ಇಪ್ಪತ್ತೆರಡು ಸೆಂಟಿಮೀಟರ್ ಇದ್ದರೆ ಹಸಿರಿನದು ಇಪ್ಪತ್ತೆಂಟು. ಆ ಅಳತೆಗೆ ಕಂಪ್ಯೂಟರಿನಲ್ಲಿ ಬಳ್ಳಿಯನ್ನು ಉದ್ದ ಮಾಡಿ ಇನ್ನೂ ಆರು ಎಲೆ ಸೇರಿಸಿದರು. ಮೊದಲ ಬಾಟಲಿಯನ್ನು ಮಲಗಿಸಿ ಎತ್ತರ ಸರಿಮಾಡಿದರು. ಹೆಲ್ಮೆಟ್ ಹಾಕಿಕೊಳ್ಳುತ್ತಾ ಹೇಳಿದರು, "ಬಾಟ್ಲಿ ಇಡಿ, ಮುಚ್ಚಳ ಹಾಕಿ, ಸ್ಟಾರ್ಟ್ ಒತ್ತಿ, ಅಷ್ಟೇ. ನಂಬರ್ ಮಾತ್ರ ಮುಟ್ಟಬೇಡಿ. ಅದು ನೀಲಿಗೂ ಅದೇ, ಹಸಿರಿಗೂ ಅದೇ."

ಸರಿ ಮೇಡಂ ಅಂದೆ. ಅವರ ಸ್ಕೂಟರು ತಿರುವು ದಾಟಿತು. ನಾನು ಬಾಟಲಿ ನೋಡಿದೆ, ಕೈಯಲ್ಲಿದ್ದ ನೂಲು ನೋಡಿದೆ. ನಲವತ್ತು ವರ್ಷ ದಪ್ಪ ಪಾತ್ರೆಗೊಂದು ಲೆಕ್ಕ, ಸಣ್ಣದಕ್ಕೊಂದು ಲೆಕ್ಕ ಹಾಕಿದವನು ನಾನು. ಇಪ್ಪತ್ತೆರಡಕ್ಕೂ ಇಪ್ಪತ್ತೆಂಟಕ್ಕೂ ಒಂದೇ ನಂಬರು ಹೇಗಾಗುತ್ತದೆ? ಪಾಪ, ತಾಯಿಯ ಚಿಂತೆಯಲ್ಲಿ ಬಳ್ಳಿ ತಿದ್ದಿದರು, ನಂಬರು ತಿದ್ದುವುದು ಮರೆತರು ಅಂದುಕೊಂಡೆ. ಸಹಾಯ ಮಾಡುತ್ತಿದ್ದೇನೆ ಅಂತಲೇ ನಂಬಿದ್ದೆ. ಅವರ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡೆ. ಇಪ್ಪತ್ತೆರಡಕ್ಕೆ ಇಷ್ಟಾದರೆ ಇಪ್ಪತ್ತೆಂಟಕ್ಕೆ ಎಷ್ಟು ಅಂತ ಹತ್ತನೇ ಕ್ಲಾಸಿನ ಗುಣಾಕಾರ ಭಾಗಾಕಾರ ಮಾಡಿ ಹೊಸ ನಂಬರು ತೆಗೆದೆ. ಲೆಕ್ಕ ಸರಿಯಾಗಿತ್ತು. ಮೇಷ್ಟರು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು. ಕಂಪ್ಯೂಟರಿನಲ್ಲಿ ಬರೆದು ಸ್ಟಾರ್ಟ್ ಒತ್ತಿದೆ.

ಹೊರಗೆ ತೆಗೆದ ಬಾಟಲಿಯ ಮುಂಭಾಗದಲ್ಲಿ ಹೆಸರು ಕೊಂಚ ಅಗಲವಾಗಿತ್ತು. ದಪ್ಪ ಬಾಟಲಿಗೆ ಅಗಲ ಅಕ್ಷರ ಲಕ್ಷಣವಾಗಿಯೇ ಇದೆ ಅಂದುಕೊಂಡೆ. ತಿರುಗಿಸಿ ನೋಡಿದೆ. ಬಳ್ಳಿ ಒಂದು ಸುತ್ತು ಮುಗಿಸಿ ನಿಲ್ಲದೆ, ಮೊದಲಿನ ಎಲೆಗಳ ಮೇಲೇ ಇನ್ನಷ್ಟು ಎಲೆ ಬಿದ್ದಿದ್ದವು. ನೂಲು ಸಡಿಲವಾಗಿ ಹಿಡಿದಿದ್ದೆನೇನೋ ಅಂತ ಇನ್ನೊಮ್ಮೆ ಅಳೆದೆ. ನಂಬರು ಸ್ವಲ್ಪ ಇಳಿಸಿದೆ. ಆಗಲೂ ಹತ್ತಿ ಕೂತವು. ಸಿಟ್ಟಿನಲ್ಲಿ ತುಂಬಾ ಇಳಿಸಿದೆ, ಬಳ್ಳಿ ಅರ್ಧ ಅಂಗುಲ ಮುಂಚೆಯೇ ನಿಂತು ಬಾಯಿ ಬಿಟ್ಟಿತು. ಹೀಗೆ ಏರಿಸುತ್ತಾ ಇಳಿಸುತ್ತಾ ಹೋದೆ. ಅವರ ನಂಬರಿನಲ್ಲಿ ಒಂದೇ ಒಂದನ್ನು ಹಾಕಿ ನೋಡೋಣ ಅಂತ ನನ್ನ ತಲೆಗೆ ಬರಲಿಲ್ಲ. ಅಲ್ಲ, ಬಂತು. ಹಾಗೆ ಮಾಡಿ ಅದು ಸರಿ ಬಂದುಬಿಟ್ಟರೆ ನನ್ನ ನಲವತ್ತು ವರ್ಷ ಏನಾಗುತ್ತದೆ ಅಂತ ಹೆದರಿದೆ. ಫೋನು ಜೇಬಿನಲ್ಲೇ ಇತ್ತು. ಆಸ್ಪತ್ರೆಯಲ್ಲಿ ಇರುವವರಿಗೆ ತೊಂದರೆ ಯಾಕೆ ಅಂತ ನನಗೆ ನಾನೇ ಮರ್ಯಾದೆಯ ಕಾರಣ ಹೇಳಿಕೊಂಡೆ.

ಮೂರು ಗಂಟೆಗೆ ಮೂವತ್ತೊಂಬತ್ತು ಬಾಟಲಿ ಮುಗಿದಿದ್ದವು, ಒಂದೊಂದು ಒಂದೊಂದು ಥರ. ಕೆಟ್ಟ ಜಾಗ ಹಿಂದೆ ಬರುವ ಹಾಗೆ ಡಬ್ಬಿಗಳಲ್ಲಿ ಇಟ್ಟೆ. ನಲವತ್ತನೆಯದನ್ನು ಮಾಡಲು ಕೈ ಬರಲಿಲ್ಲ. ಕ್ಯಾಲೆಂಡರು ನೋಡಿಕೊಂಡು ಅವರ ನಂಬರನ್ನು ಮೊದಲಿದ್ದ ಹಾಗೆಯೇ ಬರೆದೆ. ಹೆಬ್ಬೆರಳಿಗೆ ನೀರು ಹಚ್ಚಿ ಪೆನ್ಸಿಲ್ ಗುರುತು ಉಜ್ಜಿದೆ. ಅಲ್ಲಿಯವರೆಗೆ ನಾನು ಮಾಡಿದ್ದು ತಪ್ಪು. ಆ ಹೆಬ್ಬೆರಳಿನಿಂದ ಆಚೆಗಿನದಕ್ಕೆ ಬೇರೆ ಹೆಸರು.

ಮೂರೂವರೆಗೆ ಮೇಡಂ ಓಡಿ ಬಂದರು. ತಾಯಿಯ ಆಪರೇಷನ್ ಚೆನ್ನಾಗಿ ಆಯಿತಂತೆ, ಮುಖದಲ್ಲಿ ಅದೇ ಸಂತೋಷ. ಒಂದು ಡಬ್ಬಿ ತೆಗೆದು ಬಾಟಲಿ ತಿರುಗಿಸಿದರು. ಇನ್ನೊಂದು ತೆಗೆದರು. ಐದಾರು ತೆಗೆದು ಟೇಬಲ್ ಮೇಲೆ ಸಾಲಾಗಿ ನಿಲ್ಲಿಸಿದರು. ಕಂಪ್ಯೂಟರಿಗೆ ಹೋಗಿ ನಂಬರು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಕೃಷ್ಣಪ್ಪೋರೇ, ನಂಬರ್ ಏನಾದ್ರೂ ಮುಟ್ಟಿದ್ರಾ?"

"ಇಲ್ಲ ಮೇಡಂ."

ಯೋಚನೆ ಮಾಡಿ ಹೇಳಿದ್ದಲ್ಲ. ಸೊಳ್ಳೆ ಕಚ್ಚಿದ ಕಡೆ ಕೈ ಹೋದ ಹಾಗೆ ಬಾಯಿಂದ ಬಂತು. ಆಮೇಲೆ ಅದನ್ನು ವಾಪಸ್ಸು ತೆಗೆದುಕೊಳ್ಳಲು ಒಂದು ಉಸಿರಿನಷ್ಟು ಹೊತ್ತು ಇತ್ತು. ತೆಗೆದುಕೊಳ್ಳಲಿಲ್ಲ.

ಅವರು ಮಷೀನಿನ ಮುಚ್ಚಳ ಎತ್ತಿ ರೋಲರ್ ಮೇಲೆ ಬೆರಳಾಡಿಸಿದರು. ಸುಟ್ಟ ಬಣ್ಣದ ಧೂಳು ಅಂಟಿತ್ತು. ಸ್ಪಿರಿಟ್ಟಿನಲ್ಲಿ ಒರೆಸಿದರು. ಉಳಿದಿದ್ದ ನಲವತ್ತನೆಯ ಬಾಟಲಿಯನ್ನು ಮಲಗಿಸಿ ಸ್ಟಾರ್ಟ್ ಒತ್ತಿದರು. ನಾವಿಬ್ಬರೂ ಬಣ್ಣದ ಗಾಜಿನ ಮೂಲಕ ನೋಡುತ್ತಾ ನಿಂತೆವು. ಬಳ್ಳಿ ಸುತ್ತಿ ಬಂದು, ಕೊನೆಯ ಎಲೆ ಮೊದಲ ಎಲೆಯ ಪಕ್ಕದಲ್ಲಿ ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲದೆ ಕೂತಿತು. ಮೇಡಂ ಬಾಟಲಿಯನ್ನು ಕೈಗೆ ತೆಗೆದುಕೊಂಡು, ರೋಲರ್ ಒರೆಸದೆ ಹೋದದ್ದೇ ತಪ್ಪಾಯಿತು, ಬಾಟಲಿಗಳು ಜಾರಿವೆ, ತಾಯಿಯ ಗಡಿಬಿಡಿಯಲ್ಲಿ ಮರೆತೆ ಅಂದರು. ಆಮೇಲೆ ಇನ್ನೊಂದು ಮಾತು ಹೇಳಿದರು. "ನಿಮ್ಮನ್ನ ಹಾಗೆ ಕೇಳಬಾರದಿತ್ತು. ತಪ್ಪು ತಿಳ್ಕೋಬೇಡಿ."

ಕ್ಷಮೆ ಕೇಳಬೇಕಾದವನು ನಾನು. ಅವರು ಕೇಳಿದರು. ನಾನು ದೊಡ್ಡ ಮನುಷ್ಯನ ಹಾಗೆ, ಪರವಾಗಿಲ್ಲ ಬಿಡಿ ಮೇಡಂ ಅಂದೆ.

ನಾಲ್ಕಕ್ಕೆ ಗಿರಾಕಿಗಳು ಬಂದರು. ಯಜಮಾನರ ಹೆಂಡತಿ ಒಂದು ಬಾಟಲಿ ತಿರುಗಿಸಿ, ಕನ್ನಡಕ ಹಣೆಗೇರಿಸಿ, ಬೆರಳಿಟ್ಟರು. "ಏನ್ರೀ ಇದು, ಎಲಿ ಮ್ಯಾಲೆ ಎಲಿ ಹತ್ತಿ ಕುಂತಾವಲ್ರೀ." ಇನ್ನೊಂದು ನೋಡಿದರು. "ನಮ್ಮ ಅಳಿಯಾನ ಹೆಸರು ನೋಡ್ರಿ, ಹೋಳಿಗಿ ಊಟ ಮಾಡಿ ಅಡ್ಡಾದಂಗ ಐತಿ." ಯಜಮಾನರಿಗೆ ಮೊದಲು ಸಿಟ್ಟು ಬಂತು, ಆಮೇಲೆ ಹೆಂಡತಿಯ ಮಾತಿಗೆ ನಗು ಬಂತು, ನಕ್ಕದ್ದಕ್ಕೆ ಮತ್ತೆ ಸಿಟ್ಟು ಬಂತು. ಒಳ್ಳೆಯ ಜನ, ಗಲಾಟೆ ಮಾಡಲಿಲ್ಲ. ಆದರೆ ಬೀಗರಿಗೆ ಇದನ್ನು ಕೊಡಲು ಆಗುವುದಿಲ್ಲ ಅಂದರು. ಹಸಿರು ಬಾಟಲಿ ಪೇಟೆಯಲ್ಲಿ ಮತ್ತೆ ಸಿಗುವ ಹಾಗಿರಲಿಲ್ಲ. ಕೊನೆಗೆ ಹೆಸರಿಲ್ಲದ ತಾಮ್ರದ ಚೊಂಬು ನಲವತ್ತು ಆರಿಸಿಕೊಂಡು ಹೋದರು. ಹೋಗುವಾಗ ಆಕೆ ಮೇಡಂ ಭುಜ ಮುಟ್ಟಿ, ತಾಯಿ ಹ್ಯಾಂಗದಾರ ಅಂತ ಕೇಳಿದರು. ಎಲ್ಲರ ಮುಂದೆ ಮೇಡಂ ತಪ್ಪು ತಮ್ಮದೇ ಅಂತ ಹೇಳಿಯಾಗಿತ್ತು.

ನಾಗರಾಜು ಜೋರು ಮಾಡುವವರಲ್ಲ. ಎರಡು ದಿನ ಬಿಟ್ಟು, ರಾಜರಾಜೇಶ್ವರಿನಗರದ ಅಂಗಡಿ ಈ ವರ್ಷ ಬೇಡ, ಮುಂದೆ ನೋಡೋಣ ಅಂದರು. ನನ್ನ ಹತ್ತಿರ ಮಾತ್ರ, ಪಕ್ಕದಲ್ಲಿ ನೀವಿದ್ದಾಗಲೇ ಹೀಗಾದರೆ ಅಲ್ಲಿ ಒಬ್ಬರೇ ಇದ್ದಾಗ ಹೇಗೆ ಕೃಷ್ಣಪ್ಪೋರೇ ಅಂತ ಕೇಳಿದರು. ಅದು ನನಗೆ ಸಿಕ್ಕ ಎರಡನೆಯ ಅವಕಾಶ. ನಿಮ್ಮಿಷ್ಟ ಅಂದೆ. ಮುಂದೆ ಅಂದದ್ದು ಮುಂದೆ ಬರಲೇ ಇಲ್ಲ. ಮೇಡಂ ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆ ಅಂದರು. ಇಲ್ಲೇ ಇದ್ದರೆ ದಿನಾ ಬೆಳಗ್ಗೆ ರೋಲರ್ ಒರೆಸಿದಿರಾ ಅಂತ ಕೇಳುತ್ತೀರಿ, ನನ್ನ ಕೈಯಲ್ಲಿ ಆಗುವುದಿಲ್ಲ ಅಂತ ನಕ್ಕರು. ಅಕ್ಷಯ ತೃತೀಯದ ದಿನ ಎಂದಿನ ಹಾಗೆ ಬಂದು, ಎಂದಿನ ಹಾಗೆ ಡಬ್ಬಿ ಬಿಚ್ಚಿ ಚಟ್ನಿಪುಡಿ ಕೊಟ್ಟರು.

ಕೊನೆಯ ವಾರವನ್ನು ನನಗೆ ಪಾಠಕ್ಕೆ ಮೀಸಲಿಟ್ಟರು. ಹೇಳಿದ ಹಾಗೆ ನನ್ನನ್ನು ರೆಡಿ ಮಾಡದೆ ಹೋಗಲಿಲ್ಲ. ಮಧ್ಯಾಹ್ನ ಕರೆಂಟು ಹೋದಾಗ ಒಂದು ದಿನ ಧೈರ್ಯ ಮಾಡಿ, ಏನೂ ಗೊತ್ತಿಲ್ಲದವನ ಹಾಗೆ ಕೇಳಿದೆ. ಮೇಡಂ, ಬಾಟಲಿ ದಪ್ಪ ಆದರೂ ನಂಬರು ಯಾಕೆ ಬದಲಾಗುವುದಿಲ್ಲ?

ಅವರು ನನ್ನ ಜೇಬಿನ ನೂಲು ಕೇಳಿ ತೆಗೆದುಕೊಂಡರು. ಒಂದು ತುದಿಯನ್ನು ನೀಲಿ ಬಾಟಲಿಗೆ ಅಂಟಿಸಿ, ಬಾಟಲಿಯನ್ನು ರೋಲರ್ ಮೇಲೆ ಮಲಗಿಸಿ, ಕೈಯಿಂದ ರೋಲರನ್ನು ಸರಿಯಾಗಿ ಒಂದು ಸುತ್ತು ತಿರುಗಿಸಿದರು. ಬಾಟಲಿ ಎಷ್ಟು ನೂಲು ಸುತ್ತಿಕೊಂಡಿತೋ ಅಷ್ಟಕ್ಕೆ ಮಸಿಯಿಂದ ಗುರುತು ಹಾಕಿದರು. ಹಸಿರು ಬಾಟಲಿಗೂ ಹಾಗೇ ಮಾಡಿದರು. ಎರಡು ಗುರುತುಗಳೂ ಒಂದೇ ಕಡೆ ಬಂದವು. "ನೋಡಿ, ರೋಲರ್ ಎಷ್ಟು ಉರುಳುತ್ತೋ ಬಾಟ್ಲಿ ಮೈ ಅಷ್ಟೇ ಸರಿಯೋದು. ಬಾಟ್ಲಿ ದಪ್ಪ ಇದ್ರೆ ಪೂರ್ತಿ ಸುತ್ತೋಕೆ ಇನ್ನೊಂದು ಸ್ವಲ್ಪ ಹೊತ್ತು ಬೇಕು, ಅಷ್ಟೇ. ನಿಮ್ಮ ನೂಲು ಬಳ್ಳಿಗೆ ಬೇಕು ಕೃಷ್ಣಪ್ಪೋರೇ, ನಂಬರಿಗೆ ಬೇಡ."

ಇಷ್ಟು ಸುಲಭವಾದದ್ದು. ನನಗೆ ಅದು ಆ ಕ್ಷಣದಲ್ಲಿ ಹಗಲಿನ ಹಾಗೆ ತಿಳಿಯಿತು. ಎದುರಿಗೆ ಅವರು ಕೂತಿದ್ದರು, ಕರೆಂಟಿರಲಿಲ್ಲ, ಗಿರಾಕಿ ಇರಲಿಲ್ಲ, ನಾಗರಾಜು ಊಟಕ್ಕೆ ಹೋಗಿದ್ದರು. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಮತ್ತೆಂದೂ ಸಿಗಲಿಲ್ಲ. ಒಂದು ಮಾತು ಹೇಳಿದ್ದರೆ ಅವರು ಬಹುಶಃ ಬೈಯುತ್ತಿದ್ದರು, ಸಂಜೆಯೊಳಗೆ ನಗುತ್ತಿದ್ದರು, ಬೋರ್ಡಿನ ಬಣ್ಣ ಮತ್ತೆ ಮಾತಿಗೆ ಬರುತ್ತಿತ್ತು. ನಾನು ಹೇಳಿದ್ದು, ಓಹೋ ಹಾಗಾ ಅಂತ.

ಅವರು ಹೋದ ಮೇಲೆ ಮಷೀನು ನನ್ನ ಕೈಗೆ ಬಂತು. ಅವರು ಬಿಟ್ಟುಹೋದ ನಂಬರಿನಲ್ಲೇ ಆರು ವರ್ಷ ಕೆಲಸ ಮಾಡಿದೆ. ಸಣ್ಣದು, ದಪ್ಪದು, ಮಗ್ಗು, ಫ್ಲಾಸ್ಕು, ಸಾವಿರಾರು. ಒಂದು ಸಲವೂ ಕೆಡಲಿಲ್ಲ. ಹೊಸದಾಗಿ ಮಷೀನು ತಂದವರು ಬಂದು ಕೇಳಿದರೆ ನಾನು ಗುರುವಿನ ಹಾಗೆ ಪಾಠ ಹೇಳುತ್ತಿದ್ದೆ. ರೋಲರ್ ಒರೆಸುವ ಮಾತು ಬಂದಾಗ ಆ ಕತೆ ಹೇಳುತ್ತಿದ್ದೆ. ಮೊದಲ ಸಲ ಹೇಳಿದಾಗ ನಾಲಿಗೆ ತಡವರಿಸಿತು. ಹತ್ತನೆಯ ಸಲಕ್ಕೆ ಹಾವೇರಿಯ ಅಮ್ಮನವರ ದನಿಯನ್ನೂ ಸೇರಿಸಿ ಚೆನ್ನಾಗಿ ಹೇಳುವುದು ಕಲಿತೆ. ಜನ ಹೊಟ್ಟೆ ಹಿಡಿದು ನಗುತ್ತಿದ್ದರು.

ಅವರನ್ನು ಆಮೇಲೆ ಒಂದೇ ಸಲ ನೋಡಿದ್ದು, ವಿಜಯನಗರದ ಮಾರ್ಕೆಟ್ಟಿನಲ್ಲಿ. ಅವರೇ ದೂರದಿಂದ ಕೂಗಿ ಬಂದರು. ನಂದಿನಿ ಲೇಔಟಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತೇನೆ ಅಂದರು. ಬಾಟಲಿಯ ವಾಸನೆ ಇಲ್ಲ, ಆರಾಮ ಅಂದರು. ನನ್ನ ಕೈ ನಡುಕ ಹೇಗಿದೆ ಅಂತ ಕೇಳಿದರು, ಮಜ್ಜಿಗೆ ಮೆಣಸಿನಕಾಯಿ ಕೇಳಿದರು. ಜೊತೆಗಿದ್ದ ಮಗಳಿಗೆ, "ಇವರೇ ಕಣೇ ನನ್ನ ಮೊದಲ್ನೇ ಶಿಷ್ಯ. ಹೇಳಿದ್ದಕ್ಕೆ ಒಂದು ಎದುರು ಮಾತಾಡಿದೋರಲ್ಲ" ಅಂದರು. ನಾನು ಅವರೆಕಾಯಿ ಆರಿಸುವುದರಲ್ಲಿ ತುಂಬಾ ಗಮನ ಇಟ್ಟೆ. ಎರಡು ಕೇಜಿ ಕೊಂಡೆ. ಮನೆಯಲ್ಲಿ ಹೆಂಡತಿ, ಯಾರಿಗೆ ಇಷ್ಟೊಂದು ಅಂದಳು.

ಈಗ ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ನಾಗರಾಜು ಈ ಬರಹ ಓದುತ್ತಾರೆ, ಓದಲಿ ಅಂತಲೇ ಬರೆದೆ. ಹಾವೇರಿಯ ಅಮ್ಮನವರು ಓದಿದರೆ ಅವರಿಗೂ ತಿಳಿಯಲಿ. ರೋಲರ್ ಮೇಲೆ ಧೂಳು ಇದ್ದದ್ದು ನಿಜ, ಆದರೆ ಒಂದು ಬಾಟಲಿಯೂ ಜಾರಲಿಲ್ಲ. ನಂಬರು ಬದಲಿಸಿದವನು ನಾನು, ಮತ್ತೆ ಇದ್ದ ಹಾಗೆ ಇಟ್ಟವನೂ ನಾನು. ನನ್ನ ಕತೆಯನ್ನು ಕೇಳಿ ನಕ್ಕವರು, ಇನ್ನೊಬ್ಬರಿಗೆ ಹೇಳಿದವರು ಈ ಕಡೆಯ ಅಂಗಡಿಗಳಲ್ಲಿ ಎಷ್ಟು ಜನ ಇದ್ದಾರೋ. ಅವರೆಲ್ಲರ ಬಾಯಲ್ಲಿ ಅದು ಯಾರೋ ಒಬ್ಬ ಮೇಡಂ ಆಗಿ ಉಳಿದಿದೆ. ಯಾರೋ ಅಲ್ಲ. ಕೆಲಸ ಬಲ್ಲವರು, ಚೌಕವನ್ನು ಚೌಕವಾಗಿಯೇ ತಂದವರು, ನಾನು ಇವತ್ತಿನವರೆಗೂ ಯಾರ ಕ್ಷಮೆ ಕೇಳಿಲ್ಲವೋ ಅವರು, ನಂದಿನಿ ಲೇಔಟಿನ ವಿಶಾಲಾಕ್ಷಿ.